ಗರಡಿಯಿಂದ ರಂಗಸ್ಥಳಕ್ಕೆ

ನಾಟಕವನ್ನು ಆಡುವುದಕ್ಕೆ ಮೊದಲು ನಟರು ಹಲವು ದಿನ ಅಭ್ಯಾಸ ನಡೆಸುತ್ತಾರಷ್ಟೆ. ಅದನ್ನು ನಾವು ‘ತಾಲೀಮು’ ಎಂದು ಕರೆಯುತ್ತೇವೆ. ಪೈಲವಾನರು ನಸುಕಿನಲ್ಲೆದ್ದು ದಂಡ ಬಸ್ಕಿಗಳನ್ನು ಹೊಡೆಯುವುದಕ್ಕೂ ತಾಲೀಮು ಎಂದೇ ಹೆಸರು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ಬೆಳೆದು ಹೆಸರು ಮಾಡಿದ ನಟರನ್ನು ಕುರಿತು ಹೇಳುವಾಗ ‘ಅವರು ವೀರಣ್ಣನವರ ಗರಡಿಯಲ್ಲಿ ಪಳಗಿದವರು’ ಎನ್ನುವುದು ವಾಡಿಕೆ. ಕತ್ತಿಯನ್ನು ಬೀಸುವ ಕ್ರಮಕ್ಕೆ ‘ವರಸೆ’ ಎಂದು ಹೆಸರಿರುವಂತೆ ಸಂಗೀತದ ಮೊದಲ ಪಾಠಗಳಿಗೂ ಸರಳೆ ವರಸೆ, ಜಂಟಿ ವರಸೆ ಎಂಬ ಹೆಸರುಗಳುಂಟು. ಕಾಳಗದ ಮಾತುಗಳು ಕಲೆಯ ಮನೆಯೊಳಕ್ಕೆ ಹೀಗೆ ಬಂದು ನೆಲೆಸಿರುವುದು ಬರಿಯ ಅಲಂಕಾರವೇ? ಅಥವಾ ಗರಡಿಗೂ ರಂಗಕ್ಕೂ ನಿಜವಾದ ನಂಟು ಏನಾದರೂ ಉಂಟೇ?

ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದುದು ನನ್ನ ಎಡ ಮಂಡಿ. ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಒಂದು ಪೌರಾಣಿಕ ನಾಟಕದಲ್ಲಿ ನನಗೆ ವೀರನ ಪಾತ್ರ ದೊರೆಯಿತು. ಕತ್ತಿ ಹಿರಿದು, ಸುಮಾರು ಒಂದು ಮೀಟರು ಎತ್ತರದ ಕಟ್ಟೆಯಿಂದ ಸಿಮೆಂಟಿನ ನೆಲಕ್ಕೆ ಹಾರಬೇಕಾಗಿತ್ತು. ನಾನು ಕಾಲುಗಳನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಹಾರಿದೆ. ನೋಡುವವರಿಗೆ ಅದೇ ಗಂಭೀರವಾಗಿ ಕಾಣುತ್ತದೆಂದು ನನ್ನ ನಂಬಿಕೆ. ಆ ರಾತ್ರಿ ಚಪ್ಪಾಳೆಯೇನೋ ಬಿದ್ದಿತು. ಮರುದಿನ ಮಂಡಿ ಬಾತುಕೊಂಡಿತು. ಇಂದಿಗೂ ಕಾಲೇಜಿನ ಮೆಟ್ಟಿಲು ಹತ್ತುವಾಗ ಅದು ತನ್ನ ಇರವನ್ನು ನೆನಪಿಸುತ್ತದೆ. ಊರಿನಲ್ಲಿ ಹಿಂದೆ ಗರಡಿ ನಡೆಸುತ್ತಿದ್ದ ವೃದ್ಧ ವಸ್ತಾದರೊಬ್ಬರು ಎಣ್ಣೆ ಹಚ್ಚಿ ನೀವುತ್ತ, “ಹಾರೋದು ಯಾರು ಬೇಕಾದ್ರೂ ಹಾರ್ತಾರೆ ತಮ್ಮಾ, ಇಳಿಯೋದು ಕಲೀಬೇಕು” ಎಂದರು. ಮುಂದೆ ಭೌತಶಾಸ್ತ್ರವನ್ನು ಓದಿದಾಗ ಆ ಮಾತಿನಲ್ಲಿ ಎಷ್ಟು ತೂಕವಿತ್ತೆಂಬುದು ನನಗೆ ತಿಳಿದುಬಂದಿತು.

ನಿಲುವಿನ ಗುಟ್ಟು

ಮೊದಲು ನಿಲ್ಲುವ ಬಗೆಯನ್ನು ನೋಡೋಣ. ಪ್ರತಿಯೊಂದು ವಸ್ತುವಿಗೂ ಗುರುತ್ವಕೇಂದ್ರವೊಂದುಂಟು. ವಸ್ತುವಿನ ಭಾರವೆಲ್ಲ ಆ ಬಿಂದುವಿನಲ್ಲಿ ನೆಲೆಸಿದಂತೆ ಭಾವಿಸಬಹುದು. ಆ ಬಿಂದುವಿನಿಂದ ಕೆಳಕ್ಕೆ ಬಿಟ್ಟ ಲಂಬರೇಖೆ ಪಾದಗಳ ನಡುವಣ ಆಧಾರಕ್ಷೇತ್ರದ ಒಳಗೆ ಬೀಳುವವರೆಗೆ ಮನುಷ್ಯನು ಬೀಳುವುದಿಲ್ಲ. ಹೊರಗೆ ಬಿದ್ದೊಡನೆ ಉರುಳುತ್ತಾನೆ.

ಒಬ್ಬ ಯುವಕನು ನೆಟ್ಟಗೆ ನಿಂತಿದ್ದಾನೆನ್ನಿ. ಅವನ ಗುರುತ್ವಕೇಂದ್ರ ನೆಲದಿಂದ ಸುಮಾರು ೯೦ ಸೆಂಟಿಮೀಟರು ಎತ್ತರದಲ್ಲಿದೆ. ಆಧಾರದ ಅರ್ಧ ಅಗಲ ೧೫ ಸೆಂಟಿಮೀಟರು. ಅವನ ದೇಹವನ್ನು ಬಗ್ಗದ ಕಂಬವೆಂದು ಎಣಿಸಿದರೆ, ಪಕ್ಕಕ್ಕೆ ಸುಮಾರು ೯ ಡಿಗ್ರಿ ವಾಲುವಷ್ಟರಲ್ಲಿ ಅವನು ಬೀಳುವ ಸ್ಥಿತಿಗೆ ಬರುತ್ತಾನೆ. ಈಗ ಅವನು ಕಾಲುಗಳನ್ನು ಅಗಲಿಸಿ, ಮಂಡಿಗಳನ್ನು ಬಗ್ಗಿಸಿ, ಕುದುರೆಯ ಮೇಲೆ ಕುಳಿತವನಂತೆ ನಿಲ್ಲಲಿ. ಗುರುತ್ವಕೇಂದ್ರ ೬೫ ಸೆಂಟಿಮೀಟರಿಗೆ ಇಳಿಯಿತು. ಆಧಾರದ ಅರ್ಧ ಅಗಲ ೪೦ ಸೆಂಟಿಮೀಟರಿಗೆ ಏರಿತು. ಈಗ ಅವನನ್ನು ಉರುಳಿಸಲು ೩೧ ಡಿಗ್ರಿಗೂ ಹೆಚ್ಚು ವಾಲಿಸಬೇಕು. ಅವನ ದೇಹದಲ್ಲಿ ಒಂದು ಗುಲಗಂಜಿಯಷ್ಟೂ ಬಲ ಹೆಚ್ಚಲಿಲ್ಲ. ಆದರೆ ಅವನ ಸ್ಥಿರತೆ ಮೂರು ಪಟ್ಟಿಗೂ ಮೀರಿತು. ಮುಂದಕ್ಕೂ ಹಿಂದಕ್ಕೂ ಬೀಳದಿರಲು ಮಾತ್ರ ಈ ಅಗಲ ನೆರವಾಗದು. ಆದುದರಿಂದಲೇ ಕುಸ್ತಿಯ ಪಟುವು ಒಂದು ಪಾದವನ್ನು ಓರೆಯಾಗಿ ಮುಂದಿಟ್ಟು ನಿಲ್ಲುತ್ತಾನೆ.

ಭರತನ ನಾಟ್ಯಶಾಸ್ತ್ರವು ವೈಷ್ಣವ, ಸಮಪಾದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢ ಎಂಬ ಆರು ಸ್ಥಾನಗಳನ್ನು, ಎಂದರೆ ನಿಲುವುಗಳನ್ನು, ವಿವರಿಸುತ್ತದೆ. ಇವುಗಳಲ್ಲಿ ಕೊನೆಯ ಎರಡು ಆಯುಧ ಪ್ರಯೋಗಕ್ಕೆ ಸಂಬಂಧಪಟ್ಟವು: ಆಲೀಢದಲ್ಲಿ ಅಸ್ತ್ರವನ್ನು ಸಜ್ಜುಗೊಳಿಸಿ ಪ್ರತ್ಯಾಲೀಢದಲ್ಲಿ ಬಿಡಬೇಕು. ರಂಗದ ಮೇಲೆ ಆಯುಧಗಳನ್ನು ಹಿಡಿದು ನಡೆಯುವ ನಾಲ್ಕು ರೀತಿಗಳಿಗೆ ಅಲ್ಲಿ ‘ನ್ಯಾಯ’ ಎಂದು ಹೆಸರು. ನಟನು ಮೈಗೆ ಎಣ್ಣೆಯನ್ನೋ ಜವೆಯ ಗಂಜಿಯನ್ನೋ ಹಚ್ಚಿ ಉಜ್ಜಿಸಿಕೊಂಡು ವ್ಯಾಯಾಮ ಮಾಡಬೇಕೆಂಬ ವಿಧಿಯೂ ಆ ಗ್ರಂಥದಲ್ಲುಂಟು. ನಮ್ಮ ನಾಡಿನ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ ಮಲ್ಲವಿನೋದ, ನೃತ್ಯವಿನೋದ ಎರಡೂ ಒಂದೇ ಪ್ರಕರಣದಲ್ಲಿ ಬರುತ್ತವೆ. ಮಲ್ಲನೂ ನರ್ತಕನೂ ದೂರದ ನೆಂಟರೆಂದು ನಮ್ಮ ಹಿರಿಯರು ಭಾವಿಸಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದೊಡ್ಡಾಟದ ಪಾತ್ರಧಾರಿಯ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ನೋಡಿರಿ. ತಲೆಯ ಮೇಲೆ ಹೊತ್ತ ಭಾರ ಗುರುತ್ವಕೇಂದ್ರವನ್ನು ಮೇಲಕ್ಕೆ ಏರಿಸುತ್ತದೆ. ಆ ನಷ್ಟವನ್ನು ಅವನು ಕಾಲುಗಳನ್ನು ಅಗಲಿಸಿ ತುಂಬಿಕೊಳ್ಳಬೇಕು. ನಮ್ಮ ಸೀಮೆಯ ವೀರಗಾಸೆಯಲ್ಲಿಯೂ ವೀರಭದ್ರನ ವೇಷದವನು ಕತ್ತಿ ಹಿಡಿದು ಅಗಲ ಹೆಜ್ಜೆಯಲ್ಲಿಯೇ ಕುಣಿಯುತ್ತಾನೆ. ದಕ್ಷಯಜ್ಞವನ್ನು ಧ್ವಂಸ ಮಾಡಿದ ವೀರನ ರೌದ್ರಕ್ಕೆ ಆ ನಿಲುವು ಹೊಂದುತ್ತದೆ. ಬೀಳದಿರುವುದಕ್ಕೂ ಅದೇ ನಿಲುವು ಬೇಕಾಗುತ್ತದೆ.

ಇಳಿಯುವ ವಿದ್ಯೆ

ಈಗ ನನ್ನ ಮಂಡಿಯ ಲೆಕ್ಕಕ್ಕೆ ಬರೋಣ. ಒಂದು ಮೀಟರು ಎತ್ತರದಿಂದ ಬಿದ್ದ ದೇಹವು ನೆಲವನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು ೪.೪ ಮೀಟರು ವೇಗವನ್ನು ಪಡೆದಿರುತ್ತದೆ. ಈ ವೇಗದೊಡನೆ ಬಂದ ಚಲನಶಕ್ತಿಯನ್ನೆಲ್ಲ ಯಾವುದೋ ಬಲವು ಯಾವುದೋ ದೂರದಲ್ಲಿ ತಡೆದು ನಿಲ್ಲಿಸಬೇಕು. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ ದೊರೆಯುತ್ತದೆಂದು ನೀವು ಪಾಠದಲ್ಲಿ ಓದಿದ್ದೀರಿ. ನಿಲ್ಲಿಸಬೇಕಾದ ಶಕ್ತಿ ಗೊತ್ತಾದ ಮೇಲೆ, ದೂರ ಕಡಮೆಯಾದಷ್ಟೂ ಬಲ ಹೆಚ್ಚಲೇಬೇಕು.

ಕಾಲನ್ನು ನೆಟ್ಟಗಿಟ್ಟು ಇಳಿದವನ ದೇಹ ಐದು ಸೆಂಟಿಮೀಟರಿನಷ್ಟೇ ತಗ್ಗಿ ನಿಂತಿತೆನ್ನಿ. ಆಗ ನೆಲವು ಅವನ ಮೇಲೆ ಹೇರುವ ಸರಾಸರಿ ಬಲ ಅವನ ತೂಕದ ೨೧ ಪಟ್ಟು. ೬೦ ಕಿಲೋಗ್ರಾಂ ತೂಗುವ ಹುಡುಗನಿಗೆ ಇದು ೧,೨೬೦ ಕಿಲೋಗ್ರಾಂ ಭಾರವನ್ನು ಕ್ಷಣಕಾಲ ಕಾಲುಗಳ ಮೇಲೆ ಹೊತ್ತಂತೆ! ಅದೇ ಹುಡುಗನು ಗಿಣ್ಣು, ಮಂಡಿ, ಸೊಂಟಗಳನ್ನು ಬಗ್ಗಿಸುತ್ತ ೫೦ ಸೆಂಟಿಮೀಟರು ತಗ್ಗಿ ನಿಂತರೆ ಸರಾಸರಿ ಬಲ ತೂಕದ ಮೂರೇ ಪಟ್ಟು. ಎತ್ತರ ಅದೇ, ದೇಹ ಅದೇ, ವೇಗವೂ ಅದೇ. ಬಗ್ಗುವುದನ್ನು ಅರಿತವನಿಗೂ ಅರಿಯದವನಿಗೂ ನಡುವೆ ಏಳು ಪಟ್ಟಿನ ವ್ಯತ್ಯಾಸ.

‘ಹಾಗಾದರೆ ಮಂಡಿ ಬಗ್ಗಿಸಿದರಾಯಿತು, ಅದಕ್ಕೆ ಗರಡಿಯೇಕೆ?’ ಎಂದು ನೀವು ಕೇಳಬಹುದು. ಇಲ್ಲಿಯೇ ವಿಷಯದ ತಿರುಳು ಅಡಗಿದೆ. ಕಣ್ಣು ಕಂಡುದಕ್ಕೆ ಕೈಕಾಲು ಪ್ರತಿಕ್ರಿಯೆ ತೋರಲು ಮನುಷ್ಯನಿಗೆ ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ನೆಟ್ಟಗೆ ಇಳಿದವನ ದೇಹ ನಿಲ್ಲುವುದಾದರೋ ಒಂದು ಸೆಕೆಂಡಿನ ನಲವತ್ತನೆಯ ಒಂದು ಭಾಗದಷ್ಟು ಅವಧಿಯಲ್ಲಿ. ‘ಅಯ್ಯೋ, ನೆಲ ಬಂದಿತು, ಈಗ ಮಂಡಿ ಬಗ್ಗಿಸಬೇಕು’ ಎಂದು ಮಿದುಳು ಯೋಚಿಸುವಷ್ಟರಲ್ಲಿ ಆಗಬೇಕಾದ ಕೇಡೆಲ್ಲ ಆಗಿಹೋಗಿರುತ್ತದೆ. ಪಳಗಿದ ದೇಹದಲ್ಲಿ ಪಾದವು ನೆಲವನ್ನು ಮುಟ್ಟುವ ಮೊದಲೇ ತೊಡೆ, ಮೀನಖಂಡಗಳ ಸ್ನಾಯುಗಳು ಹದವಾಗಿ ಬಿಗಿಯಾಗಿ ಕಾದಿರುತ್ತವೆ. ಮುಟ್ಟಿದ ಬಳಿಕ ಒಮ್ಮೆಲೇ ಸಡಿಲವಾಗದೆ, ಗಾಡಿಯ ಬಿರಿಯಂತೆ ಎಳೆಯುತ್ತ ಎಳೆಯುತ್ತ ಉದ್ದವಾಗುತ್ತವೆ. ಇದು ಆ ಹೊತ್ತಿನಲ್ಲಿ ಯೋಚಿಸಿ ಮಾಡುವ ಕೆಲಸವಲ್ಲ. ಸಾವಿರ ಸಲ ಬಸ್ಕಿ ಹೊಡೆದು, ನೂರಾರು ಸಲ ಗಿಡ್ಡ ಎತ್ತರದಿಂದ ಇಳಿದು, ನರಗಳಿಗೆ ರೂಢಿ ಮಾಡಿಸಬೇಕಾದ ಕೆಲಸ. ತಾಲೀಮಿನ ಅರ್ಥವೇ ಇದು.

ಗರಡಿಯ ನೆಲವೂ ಒಂದು ಗುರುವೇ. ಅಲ್ಲಿಯ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ ಮೊದಲಾದುವನ್ನು ಬೆರೆಸಿ, ಅಗೆದು ಮೃದುವಾಗಿಡುತ್ತಾರೆ. ಮಣ್ಣು ಒಂದೆರಡು ಬೆರಳು ತಗ್ಗಿದರೂ ಸಾಕು, ನಿಲ್ಲುವ ದೂರ ಅಷ್ಟು ಹೆಚ್ಚಿ ಬಲ ತಗ್ಗುತ್ತದೆ. ಹಲಗೆ ಹಾಸಿದ ದೊಡ್ಡಾಟದ ಅಟ್ಟವೂ ಹೀಗೆಯೇ ತುಸು ಬಾಗಿ ನಟನ ಕಾಲನ್ನು ಕಾಯುತ್ತದೆ. ಸಿಮೆಂಟು ಮಾತ್ರ ಯಾರಿಗೂ ಬಾಗುವುದಿಲ್ಲ.

ಅಟ್ಟವು ಗುಡುಗುವಂತೆ ತುಳಿಯುವ ದೊಡ್ಡಾಟದ ವೀರನ ಮಂಡಿಗೆ ಏನೂ ಆಗದೆ? ಎಂಬ ಸಂದೇಹ ಬರುವುದು ಸಹಜ. ಗಮನವಿಟ್ಟು ನೋಡಿರಿ: ಅನುಭವಿಯಾದ ನಟನ ದೇಹದ ಭಾರ ಒಂದು ಕಾಲಿನ ಮೇಲೆ ನೆಲೆಸಿರುತ್ತದೆ, ಅಟ್ಟವನ್ನು ಅಪ್ಪಳಿಸುವುದು ಇನ್ನೊಂದು ಕಾಲು ಮಾತ್ರ. ಸದ್ದು ದೊಡ್ಡದು, ತಟ್ಟನೆ ನಿಲ್ಲುವ ದ್ರವ್ಯ ಚಿಕ್ಕದು.

ಗಿರಕಿಯ ಲೆಕ್ಕ

ತೆಂಕುತಿಟ್ಟಿನ ಯಕ್ಷಗಾನದಲ್ಲಿ ಧೀಂಗಿಣವೆಂಬ ಸುತ್ತು ನೆಗೆತವುಂಟು. ಬಡಗುತಿಟ್ಟಿನಲ್ಲಿ ಮಂಡಿಯೂರಿ ಗಿರಕಿ ಹೊಡೆಯುವ ಕುಣಿತವುಂಟು. ತಿರುಗುವ ವಸ್ತುವಿನ ಕೋನೀಯ ಸಂವೇಗವು ಹೊರಗಿನ ಬಲದ ತಿರುಚು ಇಲ್ಲದಿರುವಾಗ ಬದಲಾಗುವುದಿಲ್ಲ. ಎಂದರೆ, ಗಾಳಿಯಲ್ಲಿರುವ ನಟನು ಸುತ್ತನ್ನು ಹೊಸದಾಗಿ ಸೃಷ್ಟಿಸಲಾರ. ನೆಲವನ್ನು ಬಿಡುವ ಮೊದಲು ಪಾದದಿಂದ ತಿರುಚಿ ಪಡೆದುದಷ್ಟೇ ಅವನ ಬಂಡವಾಳ. ಆದರೆ ಆ ಬಂಡವಾಳವನ್ನು ಹೇಗೆ ವೆಚ್ಚ ಮಾಡಬೇಕೆಂಬುದು ಅವನ ಕೈಯಲ್ಲಿದೆ, ಅಕ್ಷರಶಃ ಕೈಯಲ್ಲಿಯೇ! ಚಾಚಿದ ಅಂಗೈ ತಿರುಗುವ ಅಕ್ಷದಿಂದ ೭೫ ಸೆಂಟಿಮೀಟರು ದೂರದಲ್ಲಿದ್ದು, ಮಡಿಸಿದಾಗ ೨೫ ಸೆಂಟಿಮೀಟರಿಗೆ ಬಂದರೆ, ತಿರುಗುವಿಕೆಗೆ ಅದು ಒಡ್ಡುವ ಜಡತ್ವ ಒಂಬತ್ತರಲ್ಲಿ ಒಂದು ಪಾಲಾಗುತ್ತದೆ. ಕೈಗಳನ್ನು ಒಳಕ್ಕೆ ಸೆಳೆದೊಡನೆ ದೇಹ ಬಿರುಸಾಗಿ ತಿರುಗುವುದು ಇದರಿಂದಲೇ. ತಿರುಗುವ ಕುರ್ಚಿಯೊಂದು ದೊರೆತರೆ ಎರಡು ಕೈಗಳಲ್ಲಿಯೂ ಒಂದೊಂದು ದಪ್ಪ ಪುಸ್ತಕ ಹಿಡಿದು ಕುಳಿತು, ಮೆಲ್ಲನೆ ತಿರುಗಿಸಿಕೊಂಡು, ಕೈ ಮಡಿಸಿ ನೋಡಿರಿ.

ಗರಡಿಯಲ್ಲಿ ಲೋಡು ತಿರುಗಿಸುವವನೂ ಕೋಲುವರಸೆ ಆಡುವವನೂ ಇದೇ ನಿಯಮವನ್ನು ಭುಜದಲ್ಲಿ ಕಲಿಯುತ್ತಾರೆ. ಉದ್ದನೆಯ ಕೋಲನ್ನು ತುದಿಯಲ್ಲಿ ಹಿಡಿದು ತಿರುಗಿಸುವುದಕ್ಕಿಂತ ನಡುವೆ ಹಿಡಿದು ತಿರುಗಿಸುವುದು ಎಷ್ಟೋ ಸುಲಭವೆಂಬುದನ್ನು ಅವರಿಗೆ ಯಾರೂ ಸೂತ್ರ ಬರೆದು ತೋರಿಸಬೇಕಾಗಿಲ್ಲ.

ಹುಸಿ ಕಾಳಗ, ನಿಜವಾದ ಅಪಾಯ

ರಂಗದ ಮೇಲೆ ಯಾರನ್ನೂ ನಿಜವಾಗಿ ಇರಿಯಬಾರದು, ಕಡಿಯಬಾರದು, ರಕ್ತ ಹರಿಯಬಾರದೆಂದು ನಾಟ್ಯಶಾಸ್ತ್ರ ವಿಧಿಸುತ್ತದೆ. ಈ ವಿಧಿಯನ್ನು ಪಾಲಿಸುವುದು ನಿಜವಾದ ಯುದ್ಧಕ್ಕಿಂತ ಸುಲಭವೆಂದು ತಿಳಿಯಬೇಡಿ. ಬೀಸಿದ ಕೋಲಿನ ತುದಿ ಸೆಕೆಂಡಿಗೆ ೧೦ ಮೀಟರು ವೇಗದಲ್ಲಿ ಬರುತ್ತಿದ್ದರೆ, ಎದುರಾಳಿಯ ಪ್ರತಿಕ್ರಿಯೆಗೆ ಬೇಕಾದ ಐದನೆಯ ಒಂದು ಸೆಕೆಂಡಿನಲ್ಲಿ ಅದು ಎರಡು ಮೀಟರು ಸಾಗಿಬಿಟ್ಟಿರುತ್ತದೆ. ಕಂಡಮೇಲೆ ತಪ್ಪಿಸಿಕೊಳ್ಳುವೆನೆಂಬ ನಟನಿಗೆ ಪೆಟ್ಟು ತಪ್ಪಿದ್ದಲ್ಲ. ಆದುದರಿಂದ ಏಟೂ ತಡೆಯೂ ಮೊದಲೇ ಗೊತ್ತಾಗಿರಬೇಕು. ಇಬ್ಬರೂ ಒಂದೇ ಕಾಲಮಾನವನ್ನು ಅನುಸರಿಸಬೇಕು. ಆ ಕಾಲಮಾನವೇ ತಾಳ. ಯಕ್ಷಗಾನದ ಚೆಂಡೆಯಾಗಲಿ, ಚೀನದ ಪೀಕಿಂಗ್ ಗೀತನಾಟಕದ ತಮಟೆ ಜಾಗಟೆಗಳಾಗಲಿ, ಕೇಳುವವರ ಕಿವಿಯನ್ನು ತಣಿಸುವುದರ ಜೊತೆಗೆ ಆಡುವವರ ತಲೆಯನ್ನೂ ಕಾಯುತ್ತವೆ.

ದೇಶ ದೇಶಗಳ ಗರಡಿಗಳು

ಈ ನಂಟನ್ನು ಅತ್ಯಂತ ಸ್ಪಷ್ಟವಾಗಿ ಕಾಣಬೇಕಾದರೆ ನೆರೆಯ ಕೇರಳಕ್ಕೆ ಹೋಗಬೇಕು. ಅಲ್ಲಿಯ ಕಾಳಗದ ವಿದ್ಯೆ ಕಳರಿಪಯಟ್ಟು. ನೆಲವನ್ನು ತಗ್ಗಾಗಿ ತೋಡಿ, ಉದ್ದ ೪೨ ಅಡಿ, ಅಗಲ ೨೧ ಅಡಿಯಾಗಿ ಕಟ್ಟುವ ಅಂಗಳವೇ ಕಳರಿ. ೧೭ನೆಯ ಶತಮಾನದಲ್ಲಿ ಕಥಕಳಿ ರೂಪುಗೊಳ್ಳುತ್ತಿದ್ದಾಗ ಅದನ್ನು ಆಡಿದವರಲ್ಲಿ ಹಲವರು ಕಳರಿಯಲ್ಲಿ ಪಳಗಿದ ನಾಯರ್ ಯೋಧರು. ವಳ್ಳತ್ತೋಳ್ ನಾರಾಯಣ ಮೆನನ್ ಎಂಬ ಕವಿಯು ಮುಕುಂದರಾಜರೊಡನೆ ಸೇರಿ ೧೯೩೦ರಲ್ಲಿ ಸ್ಥಾಪಿಸಿದ ಕೇರಳ ಕಲಾಮಂಡಲದಲ್ಲಿ ಇಂದಿಗೂ ಕಥಕಳಿಯ ಅಭ್ಯಾಸದ ಕೊಠಡಿಗೆ ‘ಕಳರಿ’ ಎಂದೇ ಹೆಸರು. ವಿದ್ಯಾರ್ಥಿಗಳು ನೆಗೆತ, ಬಾಗುಗಳನ್ನು ಸಾಧಿಸುತ್ತಾರೆ. ಮಳೆಗಾಲದಲ್ಲಿ ಗುರುವು ಎಣ್ಣೆ ಸವರಿದ ಮೈಯನ್ನು ಪಾದಗಳಿಂದ ತಿಕ್ಕುತ್ತಾನೆ. ನಮ್ಮ ‘ಗರಡಿಯಲ್ಲಿ ಪಳಗಿದವರು’ ಎಂಬ ಮಾತು ಅಲ್ಲಿ ಅಲಂಕಾರವಾಗಿ ಉಳಿಯದೆ ನಿಜಸಂಗತಿಯೇ ಆಗಿದೆ.

ಪೂರ್ವಭಾರತದ ಛಾವು ನೃತ್ಯವೂ ಹೀಗೆಯೇ ಕತ್ತಿ ಗುರಾಣಿಗಳ ‘ಫರಿಖಂಡ’ ಎಂಬ ಅಭ್ಯಾಸವನ್ನು ತಳಹದಿಯಾಗಿ ಇಟ್ಟುಕೊಂಡಿದೆ. ಮಣಿಪುರದ ರತನ್ ಥಿಯಾಮರು ೧೯೭೬ರಲ್ಲಿ ಇಂಫಾಲದಲ್ಲಿ ಕಟ್ಟಿದ ರಂಗತಂಡದ ನಟರು ಥಾಂಗ್‌ತಾ ಎಂಬ ಕತ್ತಿ ಭರ್ಜಿಗಳ ವಿದ್ಯೆಯನ್ನು ರಂಗಕ್ಕೆ ತಂದರು. ಚೀನದಲ್ಲಿ ಪೀಕಿಂಗ್ ಗೀತನಾಟಕದ ನಟನಿಗೆ ಹಾಡು, ಮಾತು, ಅಭಿನಯ, ಕಾಳಗ ಎಂಬ ನಾಲ್ಕು ವಿದ್ಯೆಗಳೂ ಬರಬೇಕು. ಸ್ತ್ರೀಪಾತ್ರಗಳಿಗೆ ಜಗತ್ಪ್ರಸಿದ್ಧನಾದ ಮೇ ಲಾನ್‌ಫಾಂಗ್ ಎಂಬ ನಟನು ೧೯೨೨ರಲ್ಲಿ ರಂಗಕ್ಕೆ ಬಂದ ನಾಟಕವೊಂದರಲ್ಲಿ ಜೋಡಿಕತ್ತಿಯ ನೃತ್ಯವನ್ನು ಆಡಿದನು. ೧೯೩೫ರಲ್ಲಿ ಮಾಸ್ಕೋ ನಗರದಲ್ಲಿ ಅವನ ಕಲೆಯನ್ನು ಕಂಡು ಜರ್ಮನಿಯ ನಾಟಕಕಾರ ಬ್ರೆಕ್ಟ್ ಬೆರಗಾದನು. ನಿಮಗೆಲ್ಲ ಪರಿಚಿತನಾದ ಚಲನಚಿತ್ರ ನಟ ಜಾಕಿ ಚಾನ್ ಕೂಡ ಹುಡುಗನಾಗಿದ್ದಾಗ ಹಾಂಗ್‌ಕಾಂಗಿನಲ್ಲಿ ಇಂತಹುದೇ ಗೀತನಾಟಕ ಶಾಲೆಯಲ್ಲಿ ಪಳಗಿದವನು.

ಪಶ್ಚಿಮದವರೂ ಇದರ ಬೆಲೆಯನ್ನು ಅರಿತರು. ೧೯೬೩ರಲ್ಲಿ ಯೂಜೀನಿಯೊ ಬಾರ್ಬ ಎಂಬ ಇಟಲಿಯ ರಂಗಕರ್ಮಿ ಕಲಾಮಂಡಲಕ್ಕೆ ಬಂದು ಕಥಕಳಿಯ ಶಿಕ್ಷಣವನ್ನು ನೋಡಿಹೋದನು. ಅದೇ ವರ್ಷ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಎ. ಸಿ. ಸ್ಕಾಟ್ ಎಂಬ ವಿದ್ವಾಂಸನು ಏಷ್ಯದ ರಂಗಕಲೆಯ ಶಿಕ್ಷಣವನ್ನು ಆರಂಭಿಸಿ, ನಟರಿಗೆ ಚೀನದ ತಾಯ್‌ಚಿಯನ್ನು ಕಲಿಸತೊಡಗಿದನು. ಮುಂದೆ ಅಲ್ಲಿಗೆ ಬಂದ ಫಿಲಿಪ್ ಜರಿಲ್ಲಿ ೧೯೭೦ರ ದಶಕದಲ್ಲಿ ತಿರುವನಂತಪುರದ ಕಳರಿಯೊಂದರಲ್ಲಿ ಶಿಷ್ಯನಾಗಿ ಕಲಿತು, ೨೦೨೦ರಲ್ಲಿ ತೀರಿಕೊಳ್ಳುವವರೆಗೂ ಹಲವು ದೇಶಗಳ ನಟರಿಗೆ ಕಳರಿಪಯಟ್ಟನ್ನು ಬೋಧಿಸಿದನು. ದೇಹವೆಲ್ಲ ಕಣ್ಣಾಗಬೇಕೆಂಬ ಕೇರಳದ ನುಡಿಯೇ ೧೯೯೮ರಲ್ಲಿ ಅವನು ಬರೆದ ಗ್ರಂಥದ ಹೆಸರಾಯಿತು.

ಹೀಗೆಂದ ಮಾತ್ರಕ್ಕೆ ಒಳ್ಳೆಯ ಪೈಲವಾನನೆಲ್ಲ ಒಳ್ಳೆಯ ನಟನಾಗುವನೆಂದು ಭಾವಿಸಲಾಗದು. ಕಾಳಗದವನು ತನ್ನ ಮುಂದಿನ ಪಟ್ಟನ್ನು ಎದುರಾಳಿಯಿಂದ ಮರೆಮಾಡುತ್ತಾನೆ. ನಟನು ಅದನ್ನೇ ಕೊನೆಯ ಸಾಲಿನಲ್ಲಿ ಕುಳಿತ ಅಜ್ಜಿಗೂ ಕಾಣುವಂತೆ ತೋರಿಸುತ್ತಾನೆ. ಒಬ್ಬನಿಗೆ ಶಕ್ತಿಯ ಉಳಿತಾಯ ಮುಖ್ಯ, ಇನ್ನೊಬ್ಬನಿಗೆ ಭಾವದ ಪ್ರಕಾಶ ಮುಖ್ಯ. ಗರಡಿಯು ನಟನಿಗೆ ಕೊಡುವುದು ಅಂಜದ, ಬೀಳದ, ಹೇಳಿದಂತೆ ಕೇಳುವ ದೇಹವನ್ನು. ಆ ದೇಹದಿಂದ ಏನನ್ನು ಹೇಳಿಸಬೇಕೆಂಬುದನ್ನು ಅವನು ರಂಗದಲ್ಲಿಯೇ ಕಲಿಯಬೇಕು.

ನಮ್ಮ ಕರ್ತವ್ಯ

ನ್ಯಾಮತಿ ಹೊನ್ನಾಳಿ ಸೀಮೆಯ ಜಾತ್ರೆಗಳಲ್ಲಿ ಬಯಲು ಕುಸ್ತಿ ಇನ್ನೂ ನಡೆಯುತ್ತದೆ. ವೀರಗಾಸೆಯ ಕಹಳೆ ಇನ್ನೂ ಕೇಳುತ್ತದೆ. ನಮ್ಮಿಂದ ಬಹುದೂರವಲ್ಲದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು ೧೯೮೦ರಿಂದ ರಂಗಶಿಕ್ಷಣವನ್ನು ನಡೆಸುತ್ತಿದೆ. ಉಡುಪಿಯಲ್ಲಿ ೧೯೭೧ರಲ್ಲಿ ಯಕ್ಷಗಾನ ಕೇಂದ್ರ ಸ್ಥಾಪಿತವಾಯಿತು. ಗರಡಿ ಗಂಡಸರದೆಂಬ ಹಳೆಯ ನಂಬಿಕೆಯೂ ಸಡಿಲಿದೆ: ವಡಗರದ ಕಳರಿ ಗುರು ಮೀನಾಕ್ಷಿ ಅಮ್ಮನವರಿಗೆ ೨೦೧೭ರಲ್ಲಿ ಪದ್ಮಶ್ರೀ ದೊರೆಯಿತು. ಕಲಿಯುವ ಮನಸ್ಸುಳ್ಳ ಹುಡುಗ ಹುಡುಗಿಯರಿಗೆ ದಾರಿಯಿಲ್ಲದಿಲ್ಲ.

ಆದರೆ ಇಂದು ನನ್ನ ವಿದ್ಯಾರ್ಥಿಗಳು ಮೊಬೈಲಿನ ಪುಟ್ಟ ಪರದೆಯಲ್ಲಿ ನೆಗೆತ ಲಾಗಗಳನ್ನು ನೋಡಿ, ಮರುದಿನವೇ ವಾರ್ಷಿಕೋತ್ಸವದ ಸಿಮೆಂಟು ವೇದಿಕೆಯ ಮೇಲೆ ಪ್ರಯತ್ನಿಸುವುದನ್ನು ಕಂಡಾಗ ನನ್ನ ಮಂಡಿ ತಾನಾಗಿ ನೋಯುತ್ತದೆ. ಪರದೆಯು ಅರ್ಧ ನಿಮಿಷದ ನೆಗೆತವನ್ನು ತೋರಿಸುತ್ತದೆ. ಅದರ ಹಿಂದಿನ ಹತ್ತು ವರ್ಷಗಳ ತಾಲೀಮನ್ನು ತೋರಿಸುವುದಿಲ್ಲ. ಅವರಿಗೆ ನಾನು ಹೇಳುವುದು ಇಷ್ಟೆ: ಮೊದಲು ಮಣ್ಣಿನ ಮೇಲೆ ಕಲಿಯಿರಿ, ಬಲ್ಲವರ ಎದುರಿನಲ್ಲಿ ಕಲಿಯಿರಿ, ಗೇಣೆತ್ತರದಿಂದ ಆರಂಭಿಸಿರಿ. ಸರಿಯಾಗಿ ಇಳಿದಿರೋ ಇಲ್ಲವೋ ಎಂಬುದನ್ನು ತಿಳಿಯಲು ಯಾವ ಉಪಕರಣವೂ ಬೇಡ, ಕಿವಿಯೊಂದು ಸಾಕು. ಇಳಿದಾಗ ‘ಧಡ್’ ಎಂದು ಸದ್ದಾದರೆ ವೇಗವು ಒಮ್ಮೆಲೇ ನಿಂತಿತೆಂದು ಅರ್ಥ. ಬೆಕ್ಕಿನಂತೆ ಸದ್ದಿಲ್ಲದೆ ಇಳಿದರೆ ಮಂಡಿಯು ತನ್ನ ಪಾಠವನ್ನು ಕಲಿಯಿತೆಂದು ಅರ್ಥ.

ನನ್ನ ವಸ್ತಾದರು ನ್ಯೂಟನ್ನನ ಹೆಸರನ್ನು ಕೇಳಿದವರಲ್ಲ. ಆದರೂ ಬಲ, ದೂರ, ಕಾಲಗಳ ಸಂಬಂಧವನ್ನು ಅವರು ತಮ್ಮ ಶಿಷ್ಯರ ಮಂಡಿಗಳಲ್ಲಿ ಬರೆದಿದ್ದರು. ಆ ಪಾಠವನ್ನು ನಾನು ಪುಸ್ತಕದಲ್ಲಿ ಓದಿದುದು ಬಿದ್ದು ಹಲವು ವರ್ಷಗಳಾದ ಮೇಲೆ. ನೀವು ಹಾರುವ ಮೊದಲೇ ಅದನ್ನು ಕಲಿಯುವಿರೆಂದು ಆಶಿಸುತ್ತೇನೆ.